ಮಲೆನಾಡಿನ ಮಳೆಗಾಲದಲ್ಲಿ ಪರ್ಷಿಯನ್ ತಾರ್ ಕಾಪಾಡುವ ಬಗೆ

1979ರ ಕ್ರಾಂತಿಯ ನಂತರ ಇರಾನಿನಲ್ಲಿ ಸಂಗೀತದ ಮೇಲಿನ ಕಟ್ಟುಪಾಡು ಬಿಗಿಯಾಯಿತು. ಗಂಡಸರಿರುವ ಸಭೆಯಲ್ಲಿ ಹೆಂಗಸು ಒಬ್ಬಳೇ ಹಾಡುವಂತಿಲ್ಲ. ಹಾಗೆ ದೇಶ ಬಿಟ್ಟ ಕಲಾವಿದರೊಬ್ಬರು ಆಷಾಢದಲ್ಲಿ ತೀರ್ಥಹಳ್ಳಿ, ಸಾಗರದ ಕಡೆ ನಿಮ್ಮ ಮನೆಯಲ್ಲಿ ಉಳಿಯುವುದಾದರೆ, ಮೊದಲು ಅವರ ತಾರ್‌ಗೆ, ಅಂದರೆ ಚರ್ಮ ಹೊಚ್ಚಿದ ಪರ್ಷಿಯನ್ ತಂತಿವಾದ್ಯಕ್ಕೆ, ಒಣ ಜಾಗ ಮಾಡಿಕೊಡಿ. ಅದರ ಚರ್ಮ ಹರಿದರೆ ಹೊಚ್ಚಿಕೊಡುವವರು ಇಲ್ಲಿಲ್ಲ. ಹೊಚ್ಚಬಲ್ಲ ಕುಶಲಿಗರಿರುವ ಊರಿಗೆ ಅವರು ಮರಳುವಂತಿಲ್ಲ.

ತಾರ್‌ನ ಬುರುಡೆ ಹಿಪ್ಪುನೇರಳೆ ಮರದ್ದು, ಅದರ ಬಾಯಿಗೆ ಎಳೆ ಕುರಿಮರಿಯ ತೆಳು ಚರ್ಮ. ಆರು ತಂತಿ, ಮೂರು ಜೋಡಿ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನು (ಬ್ರಿಡ್ಜ್) ಚರ್ಮಕ್ಕೆ ಅಂಟಿಸಿರುವುದಿಲ್ಲ, ಅದು ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ತೊಂದರೆಯೆಲ್ಲ ಇಲ್ಲಿಂದಲೇ ಶುರು. ಥಂಡಿ ಹೀರಿದ ಚರ್ಮ ಸಡಿಲವಾಗಿ ಕುದುರೆ ತಗ್ಗುತ್ತದೆ, ತಂತಿ ಸ್ವರದ ಮೆಟ್ಟಿಲಿಗೆ (ಫ್ರೆಟ್) ತಾಗಿ ಕರ್ರೆನ್ನುತ್ತದೆ, ನಾದ ಮಂಕಾಗುತ್ತದೆ. ಚಂಡೆ ಮದ್ದಳೆ ಬಲ್ಲವರಿಗೆ ಇದು ಗೊತ್ತಿರುವ ವಿಷಯವೇ. ಆದರೆ ಚಂಡೆಯ ಹಾಗೆ ಇದನ್ನು ಬೆಂಕಿಗೆ ಹಿಡಿಯಲೇಬೇಡಿ. ಒಲೆ ಮೇಲಿನ ಅಟ್ಟಕ್ಕೂ ಏರಿಸಬೇಡಿ. ದಿಢೀರ್ ಒಣಗಿದರೆ ಈ ಚರ್ಮ ಅಂಚಿನಲ್ಲಿ ಸೀಳುತ್ತದೆ.

ಗಟ್ಟಿ ಪೆಟ್ಟಿಗೆ, 200 ಗ್ರಾಂನ ಎರಡು ಸಿಲಿಕಾ ಜೆಲ್ ಚೀಲ, ತೇವಾಂಶ ತೋರಿಸುವ ಒಂದು ಪುಟ್ಟ ಮೀಟರ್, ಇಷ್ಟಿದ್ದರೆ ಸಾಕು. ಕರೆಂಟ್ ನಂಬುವಂತಿಲ್ಲದ ಊರಲ್ಲಿ ಮಷೀನಿಗಿಂತ ಜೆಲ್ ಮೇಲು. ಒಂದು ಚೀಲವನ್ನು ಬಿರಡೆಗಳ ಬಳಿ, ಇನ್ನೊಂದನ್ನು ಬುರುಡೆಯ ಹಿಂಭಾಗದಲ್ಲಿ ಇಡಿ. ಚರ್ಮಕ್ಕೆ ತಾಗಬಾರದು. ಮೀಟರ್ ಶೇಕಡಾ 45ರಿಂದ 55ರ ನಡುವೆ ನಿಂತರೆ ಒಳ್ಳೆಯದು. ಹೊರಗೆ 90 ಇದ್ದಾಗ ಒಂದೇ ರಾತ್ರಿಯಲ್ಲಿ ಅಷ್ಟಕ್ಕೆ ಇಳಿಸಬೇಡಿ. ಮೊದಲ ದಿನ ಒಂದೇ ಚೀಲ ಹಾಕಿ, ಮೂರ್ನಾಲ್ಕು ದಿನದಲ್ಲಿ ನಿಧಾನಕ್ಕೆ ತನ್ನಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಹೀರುವ ಶಕ್ತಿ ಮುಗಿಯಿತೆಂದರ್ಥ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಬಿಸಿಮಾಡಿ, ಪೂರ್ತಿ ಆರಿದ ಮೇಲೆ ಒಳಗಿಡಿ.

ಪೆಟ್ಟಿಗೆಗೆ ಇಡುವ ಮುಂಚೆ ಎಲ್ಲ ತಂತಿಯನ್ನೂ ಒಂದು ಸ್ವರದಷ್ಟು ಇಳಿಸಬೇಕು. ಚರ್ಮ ಬಿಗಿದಂತೆ ಕುದುರೆ ಏರಿ ತಂತಿ ಎಳೆಯುತ್ತದೆ, ತೆಳು ತಂತಿ ತುಂಡಾಗುತ್ತದೆ. ಪೂರ್ತಿ ಸಡಿಲಿಸಿದರೆ ಕುದುರೆಯೇ ಬಿದ್ದುಹೋಗುತ್ತದೆ.

ಕಛೇರಿಗೆಂದು ಶಿವಮೊಗ್ಗಕ್ಕೆ ಒಯ್ದರೆ ಎಸಿ ಸಭಾಂಗಣದಲ್ಲಿ ಒಂದು ಗಂಟೆ ಪೆಟ್ಟಿಗೆ ಮುಚ್ಚಿಯೇ ಇರಲಿ.

ಮೆಟ್ಟಿಲುಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಅವು ವಾದ್ಯದ ಕುತ್ತಿಗೆಗೆ ಸುತ್ತಿ ಕಟ್ಟಿದ ದಾರಗಳು, ಸರಿಯುತ್ತವೆ. ಧೂಳು ಒರೆಸುವಾಗ ಕೂದಲೆಳೆಯಷ್ಟು ಜರುಗಿದರೂ ‘ಕೊರೊನ್’ ಕೆಡುತ್ತದೆ. ಕೊರೊನ್ ಎಂದರೆ ಸ್ವರವನ್ನು ಸುಮಾರು ಕಾಲು ಸ್ವರದಷ್ಟು ತಗ್ಗಿಸುವುದು. ‘ಶೂರ್’ ಎಂಬ ದಸ್ತ್‌ಗಾಹ್‌ನ (ನಮ್ಮ ರಾಗದಂಥ ಪರ್ಷಿಯನ್ ಸ್ವರವ್ಯವಸ್ಥೆ) ಎರಡನೆಯ ಸ್ವರ ನಮ್ಮ ಕೋಮಲ ರಿಷಭಕ್ಕೂ ಶುದ್ಧ ರಿಷಭಕ್ಕೂ ನಡುವೆ ಕೂರುತ್ತದೆ. ಹಾರ್ಮೋನಿಯಂನಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ. ಹಾಗಾಗಿ ಪಕ್ಕವಾದ್ಯವಾಗಿ ಹಾರ್ಮೋನಿಯಂ ಕೂರಿಸಬೇಡಿ. ಸರಿದ ಮೆಟ್ಟಿಲನ್ನು ಮೊಬೈಲ್ ಟ್ಯೂನರ್ ನೋಡಿ ನೀವೇ ಸರಿಪಡಿಸಲೂ ಬೇಡಿ, ಆ ಅಳತೆ ಅವರ ಕಿವಿಯಲ್ಲಿದೆ.

ಮೀಟುವ ಮಿಜ್ರಾಬ್ ಒಂದು ಪುಟ್ಟ ಹಿತ್ತಾಳೆ ತಗಡು, ಹಿಡಿಯುವ ತುದಿಗೆ ಮೇಣದ ಉಂಡೆ. ಉಂಡೆ ಒಡೆದರೆ ಮಾತ್ರ ಚಿಂತೆಯಿಲ್ಲ, ಜೇನುಮೇಣ ನಮ್ಮಲ್ಲೇ ಸಿಗುತ್ತದೆ. ಬಿಸಿನೀರಲ್ಲಿ ಮೆದುಮಾಡಿ, ಜರಡಿ ಹಿಡಿದ ಒಲೆಬೂದಿ ಒಂದು ಚಿಟಿಕೆ ಕಲಸಿದರೆ ಬೆರಳಿಗೆ ಅಂಟುವುದಿಲ್ಲ. ಅವರ ಕೈಗೇ ಕೊಡಿ, ತಮ್ಮ ಬೆರಳಿಗೆ ತಕ್ಕಂತೆ ಅವರೇ ಒತ್ತಿಕೊಳ್ಳುತ್ತಾರೆ.