ಸೆಲ್ಸಿಯಸ್, ಫ್ಯಾರನ್‌ಹೀಟ್ ಮತ್ತು ತಪ್ಪಿಸಿಕೊಳ್ಳುವ 32

ಉಷ್ಣಾಂಶವನ್ನು ಒಂದು ಮಾಪನದಿಂದ ಇನ್ನೊಂದಕ್ಕೆ ಬದಲಿಸುವಾಗ ಗುಣಾಕಾರದಲ್ಲಿ ತಪ್ಪುವವರನ್ನು ನಾನು ಕಂಡದ್ದು ಕಡಿಮೆ; ಹೆಚ್ಚಿನವರು ಎಡವುವುದು 32ನ್ನು ಯಾವಾಗ ಕೂಡಬೇಕು, ಯಾವಾಗ ಕಳೆಯಬೇಕು ಎಂಬಲ್ಲಿ.

ಮೊದಲು ಸೊನ್ನೆ ಎಲ್ಲಿದೆ ಎಂದು ನೋಡಿಕೊಳ್ಳಿ. ಸಾಮಾನ್ಯ ವಾಯು ಒತ್ತಡದಲ್ಲಿ ನೀರು ಹೆಪ್ಪುಗಟ್ಟುವುದು 0 ಡಿಗ್ರಿ ಸೆಲ್ಸಿಯಸ್ ಅಥವಾ 32 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಕುದಿಯುವುದು 100 ಅಥವಾ 212ರಲ್ಲಿ. ಸೊನ್ನೆಯನ್ನು ಎಲ್ಲಿಡಬೇಕು ಎಂಬುದು ಮಾಪನ ರೂಪಿಸಿದವರ ಆಯ್ಕೆ. ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಸೂಚಿಸಿದ ಮಾಪನದಲ್ಲಿ ನೀರು ಕುದಿಯುವುದೇ 0, ಹೆಪ್ಪುಗಟ್ಟುವುದು 100 ಆಗಿತ್ತು, ಅದನ್ನು ತಿರುಗಿಸಿದ್ದು ಆಮೇಲೆ. ನೀರು ಹೆಪ್ಪುಗಟ್ಟುವುದರಿಂದ ಕುದಿಯುವವರೆಗಿನ ಅದೇ ಅಂತರವನ್ನು ಸೆಲ್ಸಿಯಸ್ 100 ಭಾಗ, ಫ್ಯಾರನ್‌ಹೀಟ್ 180 ಭಾಗ ಮಾಡುವುದರಿಂದ ಒಂದು ಸೆಲ್ಸಿಯಸ್ ಡಿಗ್ರಿಗೆ 1.8 ಫ್ಯಾರನ್‌ಹೀಟ್ ಡಿಗ್ರಿ. ಪಠ್ಯಪುಸ್ತಕದ 9/5 ಬಿಟ್ಟು 1.8 ಬಳಸಿ, ಭಿನ್ನರಾಶಿ ತಲೆಕೆಳಗಾಗುವ ಭಯವಿರದು.

ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ: 1.8ರಿಂದ ಗುಣಿಸಿ 32 ಕೂಡಿ.

ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್‌ಗೆ ಬರುವಾಗ ಮೊದಲು 32 ಕಳೆಯಬೇಕು, ಭಾಗಾಕಾರ ನಂತರ. ಜ್ವರದ 101 ಡಿಗ್ರಿಯನ್ನೇ ತೆಗೆದುಕೊಳ್ಳಿ: 32 ಕಳೆದರೆ 69, ಅದನ್ನು 1.8ರಿಂದ ಭಾಗಿಸಿದರೆ ಸುಮಾರು 38.3. ಮೊದಲೇ ಭಾಗಿಸಿ ಆಮೇಲೆ 32 ಕಳೆದರೆ 24 ಬರುತ್ತದೆ. ಜ್ವರದಿಂದ ಸುಡುತ್ತಿರುವ ಮೈ ತಣ್ಣಗಾಗಿ ಕೂರುತ್ತದೆ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ 101 − 32 ÷ 1.8 ಎಂದು ಒಂದೇ ಉಸಿರಿಗೆ ಒತ್ತಿದವರಿಗೆ 83.2 ಸಿಗುವುದುಂಟು, ಏಕೆಂದರೆ ಅದು ಭಾಗಾಕಾರವನ್ನು ಮೊದಲು ಮುಗಿಸುತ್ತದೆ. ಕಳೆದೊಡನೆ ಸಮ ಚಿಹ್ನೆ ಒತ್ತಿ, 69 ಕಾಣಿಸಿದ ಮೇಲೆಯೇ ಭಾಗಿಸಿ.

ಇನ್ನೊಂದು ಹಳ್ಳವಿದೆ. ‘ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್ ಏರಿತು’ ಎಂಬುದನ್ನು ಬದಲಿಸುವಾಗ 32 ಕೂಡಲೇಬಾರದು: ಏರಿಕೆ 9 ಡಿಗ್ರಿ ಫ್ಯಾರನ್‌ಹೀಟ್, 41 ಅಲ್ಲ. ವ್ಯತ್ಯಾಸಕ್ಕೆ ಸೊನ್ನೆಯ ಜಾಗ ಲೆಕ್ಕಕ್ಕಿಲ್ಲ.

ವಿಜ್ಞಾನದಲ್ಲಿ ಬಳಸುವ ಕೆಲ್ವಿನ್ ಮಾಪನ ಸುಲಭ: ಸೆಲ್ಸಿಯಸ್‌ಗೆ 273.15 ಕೂಡಿ, ‘ಡಿಗ್ರಿ’ ಎಂದು ಬರೆಯಬೇಡಿ.

‘ಎರಡರಿಂದ ಗುಣಿಸಿ 30 ಕೂಡಿ’ ಎಂಬ ಅಡ್ಡದಾರಿ ಕರಾರುವಾಕ್ಕಾಗಿರುವುದು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾತ್ರ. 39ಕ್ಕೆ ಅದು 108 ಎಂದು ಹೆದರಿಸುತ್ತದೆ. ಬಾಯಿಲೆಕ್ಕವೇ ಬೇಕೆಂದರೆ ದ್ವಿಗುಣಗೊಳಿಸಿ, ಬಂದದ್ದರ ಹತ್ತನೇ ಒಂದು ಭಾಗ ಕಳೆದು, 32 ಕೂಡಿ: 39ಕ್ಕೆ 78, 70.2, 102.2.

ಎರಡೂ ಮಾಪನ ಅಚ್ಚಾಗಿರುವ ಅಗ್ಗದ ಉಷ್ಣಮಾಪಕಗಳನ್ನು ಕೊಳ್ಳುವ ಮುನ್ನ 0ಯ ಎದುರು 32, 10ರ ಎದುರು 50 ಇವೆಯೇ ನೋಡಿ. ಮೈನಸ್ 40ರವರೆಗೆ ಗೆರೆಗಳಿದ್ದರೆ ಅಲ್ಲಿ ಎರಡೂ ಬದಿಯಲ್ಲಿ ಒಂದೇ ಸಂಖ್ಯೆ ಇರಬೇಕು.