ರೀಶಿ ಅಣಬೆ ಕುದಿಸೋಕೆ ಮೂರು ಎಪಿಸೋಡ್ ಲೆಕ್ಕ

ಒಣಗಿದ ರೀಶಿ (ಚೀನಾ, ಜಪಾನಿನಲ್ಲಿ ಔಷಧಿಯಾಗಿ ಬಳಸುವ ಮರದಂಥ ಗಟ್ಟಿ ಅಣಬೆ) ಚೂರುಗಳನ್ನು ಟೀ ಪುಡಿ ತರ ಬಿಸಿನೀರಿಗೆ ಹಾಕಿ ಐದೇ ನಿಮಿಷಕ್ಕೆ ಸೋಸಬೇಡಿ, ‘ದಿ ಸಿಂಪ್ಸನ್ಸ್’ ಅನ್ನೋ ಅಮೆರಿಕನ್ ಕಾರ್ಟೂನ್ ಸರಣಿಯ ಮೂರು ಎಪಿಸೋಡ್ ಮುಗಿಯುವ ತನಕ ಸಣ್ಣ ಉರಿಯಲ್ಲಿ ಕುದಿಸಿ. ಒಂದು ಎಪಿಸೋಡ್ ಸುಮಾರು 22 ನಿಮಿಷ, ಮೂರಕ್ಕೆ ಒಂದು ಗಂಟೆ ದಾಟುತ್ತದೆ. ಅಷ್ಟು ಹೊತ್ತು ಬೇಕೇ ಬೇಕು. ಅಣಬೆಯ ಜೀವಕೋಶದ ಗೋಡೆಯಲ್ಲಿ ಕೈಟಿನ್ ಇರುತ್ತದೆ (ಏಡಿಯ ಚಿಪ್ಪಿನಲ್ಲಿರುವುದೂ ಅದೇ), ಅಣಬೆಯಿಂದ ನಮಗೆ ಬೇಕಾದ ಬೀಟಾ ಗ್ಲುಕಾನ್ ಎಂಬ ನಾರಿನಂಶ ಅದರ ಜೊತೆ ಬಿಗಿಯಾಗಿ ಸೇರಿಕೊಂಡಿರುತ್ತದೆ, ತುಂಬ ಹೊತ್ತು ಕುದ್ದರೆ ಮಾತ್ರ ಚೆನ್ನಾಗಿ ನೀರಿಗಿಳಿಯುತ್ತದೆ. ಸುಮ್ನೆ ಟೈಮರ್ ಇಟ್ಟರೆ ಸಾಲದಾ ಅಂತೀರಾ? ಈ ಸರಣಿಯಲ್ಲಿ ಸಾಮಾನ್ಯವಾಗಿ ಒಂದೊಂದು ಎಪಿಸೋಡಿಗೂ ಕತೆ ಮುಗಿಯುತ್ತದೆ, ಆಗ ಎದ್ದು ಹೋಗಿ ನೀರು ಕಮ್ಮಿಯಾಗಿದ್ದರೆ ಸೇರಿಸಬಹುದು. 1989ರಿಂದ ಬರುತ್ತಿದ್ದರೂ ಅದರಲ್ಲಿನ ತುಂಟ ಹುಡುಗ ಬಾರ್ಟ್‌ಗೆ ಇನ್ನೂ ಹತ್ತೇ ವರ್ಷ, ಹಾಗಾಗಿ ಯಾವ ಸೀಸನ್ನಿಂದ ಶುರು ಮಾಡಿದರೂ ಮನೆಯವರೆಲ್ಲ ಕೂತು ನೋಡಬಹುದು, ಅದೇ ಅಲ್ವಾ ಅದರ ಸೊಗಸು! ರೀಶಿಯ ಎಕ್ಸ್‌ಟ್ರಾಕ್ಟ್ ಪುಡಿಗೆ ಇಷ್ಟು ಕುದಿಸುವುದು ಬೇಡ, ಅದನ್ನು ಮೊದಲೇ ಕುದಿಸಿ ತೆಗೆದಿರುತ್ತಾರೆ. ಕಹಿ ಕೊಡುವ ಟ್ರೈಟರ್ಪೀನ್‌ಗಳು ಎಷ್ಟು ಕುದಿಸಿದರೂ ನೀರಿಗೆ ಜಾಸ್ತಿ ಬಿಡುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ದಯವಿಟ್ಟು ಕುಡಿಯಬೇಡಿ.