ಹೂ ಬಿಡುವ ಮುನ್ನವೇ ಕಾಂಗ್ರೆಸ್ ಗಿಡವನ್ನು ಗುರುತು ಹಿಡಿಯಿರಿ

ಮಂಡ್ಯದ ನಮ್ಮ ಹಿತ್ತಿಲಿನಲ್ಲಿ ಎರಡು ಹದ ಮಳೆ ಬಿದ್ದರೆ ಸಾಕು, ಕರಿಬೇವಿನ ಬುಡದಿಂದ ಬಚ್ಚಲ ನೀರು ಹರಿಯುವ ಬಾಳೆಯ ಪಾತಿಯವರೆಗೆ ಕಳೆ ತುಂಬಿಕೊಳ್ಳುತ್ತದೆ. ನಲವತ್ತು ವರ್ಷದಿಂದ ಅದನ್ನು ಕೀಳುತ್ತಿದ್ದೇನೆ. ಹೊಸದಾಗಿ ಕೈತೋಟ ಮಾಡುವ ಹೆಣ್ಣುಮಕ್ಕಳಿಗೆ ನನ್ನ ಮಾತು ಒಂದೇ: ಮುಟ್ಟಿದ ಕೂಡಲೇ ತುರಿಸುವ ಗಿಡಕ್ಕಿಂತ, ಮುಟ್ಟಿದಾಗ ಏನೂ ಆಗದ ಗಿಡಕ್ಕೆ ಹೆಚ್ಚು ಹೆದರಿ.

ಬೇಲಿಗೆ ಹಬ್ಬುವ ನಸುಗುನ್ನಿಯನ್ನು ಯಾರೂ ಎರಡನೆಯ ಸಲ ಬರಿಗೈಯಲ್ಲಿ ಮುಟ್ಟುವುದಿಲ್ಲ. ಎಲೆ ಅವರೆಯಂತೆ ಮೂರು ಮೂರು, ಕಾಯಿಯ ಮೇಲೆ ಕಂದು ರೋಮ. ತಾಗಿದರೆ ಉಜ್ಜಬೇಡಿ, ರೋಮ ಇನ್ನೂ ಒಳಕ್ಕೆ ಚುಚ್ಚಿಕೊಳ್ಳುತ್ತದೆ. ಅಂಟು ಟೇಪನ್ನು ಒತ್ತಿ ಎತ್ತಿ, ಆಮೇಲೆ ತೊಳೆಯಿರಿ. ಎಕ್ಕವನ್ನು ಕಡಿಯುವಾಗ ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ.

ಕಾಂಗ್ರೆಸ್ ಗಿಡದ, ಅಂದರೆ ಪಾರ್ಥೇನಿಯಂನ ರೀತಿ ಬೇರೆ. ಎಳೆಯದರಲ್ಲಿ ಅದನ್ನು ಚೆಂಡುಹೂವಿನ ಸಸಿಯೆಂದು ನೀರು ಹಾಕಿ ಸಾಕಿದವರನ್ನು ಕಂಡಿದ್ದೇನೆ. ಚೆಂಡುಹೂವು ಮೊದಲಿನಿಂದಲೂ ನೆಟ್ಟಗೆ ಏಳುತ್ತದೆ. ಇದು ನೆಲಕ್ಕೆ ಒತ್ತಿಕೊಂಡು ಚಕ್ರದಂತೆ ಹರಡುತ್ತದೆ. ಎಲೆ ಕ್ಯಾರೆಟ್ ಸೊಪ್ಪಿನಂತೆ ಸೀಳುಸೀಳು, ಮೇಲೆ ನವಿರಾದ ಬಿಳಿ ರೋಮ.

ನನ್ನ ಓರಗಿತ್ತಿ ಇದನ್ನು ವರ್ಷಗಟ್ಟಲೆ ಬರಿಗೈಯಲ್ಲಿ ಕಿತ್ತಳು. ಒಂದು ವರ್ಷ ಕಣ್ಣಿನ ರೆಪ್ಪೆ ಊದಿತು, ಕತ್ತು ಮತ್ತು ಮೊಣಕೈ ಮಡಿಕೆ ಕೆಂಪಾಗಿ ಒಡೆಯಿತು. ಸೋಪು ಬದಲಾಯಿಸಿದೆವು, ಬದನೆಕಾಯಿ ತಿನ್ನುವುದನ್ನು ಬಿಡಿಸಿದೆವು. ಕೊನೆಗೆ ಚರ್ಮದ ವೈದ್ಯರು ಹಿತ್ತಿಲಿನಲ್ಲಿ ಏನಿದೆ ಎಂದು ಕೇಳಿದರು. ಕಾಂಗ್ರೆಸ್ ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಒಮ್ಮೆ ಮೈಗೆ ಆಗದೆ ಹೋದರೆ, ಆಮೇಲೆ ಗಿಡವನ್ನು ಮುಟ್ಟಲೇಬೇಕೆಂದಿಲ್ಲ; ಗಾಳಿಯಲ್ಲಿ ಬರುವ ಅದರ ಒಣ ಪುಡಿಯೇ ಸಾಕು. ಸೇವಂತಿಗೆಯೂ ಅದೇ ಕುಟುಂಬದ್ದು. ಪಾಪ, ಅದೂ ಅವಳಿಗೆ ಆಗುವುದಿಲ್ಲ, ಹಬ್ಬ ಬಂದರೆ ಮಲ್ಲಿಗೆ ಮಾತ್ರ ಮುಡಿಯುತ್ತಾಳೆ.

ಹಾಗಾಗಿ ಮಳೆ ನಿಂತ ಮರುದಿನ, ಮಣ್ಣು ಸಡಿಲವಿದ್ದಾಗ, ಹೂ ಬಿಡುವ ಮೊದಲೇ ಬೇರುಸಹಿತ ಕೀಳಿ. ಒಂದೇ ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಿ, ತುಂಬು ತೋಳಿನ ಅಂಗಿ ತೊಡಿ. ಹೂ ಬಿಟ್ಟದ್ದನ್ನು ತಿಪ್ಪೆಗೆ ಹಾಕಬೇಡಿ. ಕೆಲಸವಾದ ಮೇಲೆ ಸೋಪು ಹಚ್ಚಿ ಕೈ, ಮುಖ ತೊಳೆದು ಆ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ. ರೆಪ್ಪೆ ಊದಿದರೆ ಅರಿಶಿನ, ನಿಂಬೆರಸ ಎಂದು ಮನೆಮದ್ದು ಮಾಡುತ್ತ ಕೂರದೆ ವೈದ್ಯರಿಗೆ ತೋರಿಸಿ.

ಕಿತ್ತ ಜಾಗವನ್ನು ಬರಿದಾಗಿ ಬಿಡದೆ ಅಂದೇ ದಂಟಿನ ಬೀಜ ಎರಚಿ. ಬೇಲಿಯಂಚಿನಲ್ಲಿ ತಗಚೆ ಇದ್ದರೆ ಕೀಳಬೇಡಿ, ಅದು ದಟ್ಟವಾಗಿ ಬೆಳೆದ ಕಡೆ ಕಾಂಗ್ರೆಸ್ ಗಿಡಕ್ಕೆ ಜಾಗ ಸಿಗುವುದಿಲ್ಲ.